ಎಡಚಿಯ ಬೀಸಣಿಗೆ

ಆ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಲ್ಲುತ್ತಿದ್ದ ಹೆಂಗಸಿಗೆ ಎಲ್ಲರೂ ಎಡಚಿ ಎಂದೇ ಅನ್ನುತ್ತಿದ್ದರು. ಈ ಅಡ್ಡಹೆಸರು ಇಟ್ಟವರು ಹೊರಗಿನವರಲ್ಲ, ಹೆತ್ತ ತಾಯಿಯೇ. ಮಗಳು ತಟ್ಟೆಗೆ ಎಡಗೈ ಹಾಕಿದಾಗಲೆಲ್ಲ ಆಕೆ ಚಮಚದ ಹಿಡಿಯಿಂದ ಗೆಣ್ಣಿಗೆ ಒಂದು ಬಿಡುತ್ತಿದ್ದಳು. ಶಾಲೆಯಲ್ಲಿ ಟೀಚರಮ್ಮ ಅವಳ ಜಡೆಯ ರಿಬ್ಬನ್ನನ್ನೇ ಬಿಚ್ಚಿ ಎಡಗೈಯನ್ನು ಬೆಂಚಿಗೆ ಕಟ್ಟಿಹಾಕಿ ಬಲಗೈಯಲ್ಲಿ ಬರೆಸಿದರು. ಹಾಗೂ ಹೀಗೂ ಬರೆಯುವುದು ಬಲಗೈಗೆ ಬಂತು. ಮಿಕ್ಕ ಯಾವ ಕೆಲಸವೂ ಬರಲಿಲ್ಲ.

ಕತ್ತರಿಯಂತೂ ಬರಲೇ ಇಲ್ಲ. ಕಾರ್ಖಾನೆಯ ದೊಡ್ಡ ಕತ್ತರಿಗಳನ್ನು ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳಿನ ಬುಡವನ್ನು ಕಬ್ಬಿಣ ಕಚ್ಚುತ್ತಿತ್ತು. ಮೇಲಿನ ಅಲಗು ಚಾಕ್‌ಪೀಸಿನ ಗೆರೆಯನ್ನು ಮುಚ್ಚಿಬಿಡುತ್ತಿತ್ತು. ಕತ್ತು ಓರೆ ಮಾಡಿ, ಅಲಗಿನ ಆಚೆ ಇಣುಕಿ, ಅಂದಾಜಿನ ಮೇಲೆ ಕತ್ತರಿಸಬೇಕು. ಒಮ್ಮೊಮ್ಮೆ ಗೆರೆ ತಪ್ಪುತ್ತಿತ್ತು. ಆಗ ಕಟಿಂಗ್ ಮಾಸ್ಟರು ಮೇಜು ಕುಟ್ಟಿ, "ಏನಮ್ಮಾ ಎಡಚೀ, ಕಣ್ಣು ಎಲ್ಲಿಟ್ಟಿದ್ದೆ? ನಿನ್ ಕೈಯೇ ಸರಿ ಇಲ್ಲ ಬಿಡು" ಎಂದು ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದರು. ಅವಳು ತಲೆ ತಗ್ಗಿಸಿ ಮುಂದಿನ ಬಟ್ಟೆ ಎಳೆದುಕೊಳ್ಳುತ್ತಿದ್ದಳು. ತನ್ನ ಕೈಯೇ ಸರಿಯಿಲ್ಲ ಎಂದು ಅವಳೂ ನಂಬಿದ್ದಳು.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಇಸ್ಪೀಟಾಟ. ಗಂಡ, ಗಂಡನ ಅಣ್ಣ, ಪಕ್ಕದ ಮನೆಯ ಎಲೆಕ್ಟ್ರಿಷಿಯನ್, ಮೂವರೂ ಚಾಪೆಯ ಮೇಲೆ ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ಭಾವ ಬಸ್ ಡಿಪೋದಲ್ಲಿ ಟೈಮ್ ಕೀಪರ್. ಆಟಕ್ಕಿಂತ ಅವರ ಠೀವಿಯೇ ಜಾಸ್ತಿ. ಕಲಸಿದ ಕಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳಿನಿಂದ ಒಮ್ಮೆ ಸವರಿದರೆ ಸಾಕು, ಎಲೆಗಳೆಲ್ಲ ಸರ್ರನೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತಿದ್ದವು. ಆಮೇಲೆ ಅದರಿಂದಲೇ ಗಾಳಿ ಹಾಕಿಕೊಳ್ಳುವರು.

ಒಂದು ಭಾನುವಾರ ಎಲೆಕ್ಟ್ರಿಷಿಯನ್ ಬರಲಿಲ್ಲ. "ನೀನೇ ಕೂತ್ಕೊಳ್ಳೇ" ಎಂದ ಗಂಡ. ಅವಳು ಖುಷಿಯಿಂದ ಕೂತು, ಹಂಚಿದ ಎಲೆಗಳನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಬಿಚ್ಚಲು ಹೋದಳು. ಎಲೆಗಳು ಚೆಲ್ಲಾಪಿಲ್ಲಿಯಾಗಿ ಭಾವನ ಟೀ ಲೋಟದೊಳಕ್ಕೆ ಒಂದು ರಾಣಿ ಬಿತ್ತು.

"ಏಳಮ್ಮಾ, ಎದ್ದೇಳು," ಎಂದರು ಭಾವ, ಎಲೆಯನ್ನು ಎತ್ತಿ ಒದರುತ್ತ. "ಇದು ನೆಟ್ಟಗಿರೋ ಕೈಯೋರ ಆಟ. ನಿನಗೆ ಒಲೆ ಮುಂದಿನ ಬೀಸಣಿಗೇನೇ ಸರಿ."

ಗಂಡ ನಕ್ಕ. ಅವನು ನಕ್ಕದ್ದಕ್ಕೆ ಅವಳ ಎದೆ ಚುರುಕ್ ಎಂದಿತು. ಎದ್ದು ಒಳಗೆ ಹೋದಳು. ಮಾರನೇ ದಿನ ಕೆಲಸಕ್ಕೆ ಹೋಗುವ ದಾರಿಯಲ್ಲೇ ಒಂದು ಹೊಸ ಕಟ್ಟು ಕೊಂಡಳು.

ಊಟದ ಬಿಡುವಿನಲ್ಲಿ ಕಟಿಂಗ್ ಮೇಜಿನ ಮೂಲೆಯೇ ಅವಳ ಪಾಠಶಾಲೆ. ಗಟ್ಟಿಯಾಗಿ ಹಿಡಿದರೆ ಎಲೆಗಳು ಕದಲುವುದಿಲ್ಲ, ಸಡಿಲ ಬಿಟ್ಟರೆ ಮೊಣಕಾಲ ಮೇಲೆಲ್ಲ ಉದುರುತ್ತವೆ. ಒಂದು ಕಡೆ ಗುಂಪುಗುಂಪಾಗಿ ಅಂಟಿಕೊಂಡು, ಇನ್ನೊಂದು ಕಡೆ ಹಲ್ಲುದುರಿದ ಬಾಚಣಿಗೆಯಂತೆ ಕಾಣುತ್ತವೆ. ಚಾಕಿನ ಪುಡಿ ಸವರಿ ನೋಡಿದಳು, ಗರಗರ ಎಂದಿತು. ಗುಂಡಿ ಹಾಕುವ ಗೆಳತಿ ತನ್ನ ಚೀಲದಿಂದ ಮುಖದ ಪೌಡರ್ ಡಬ್ಬಿ ತೆಗೆದುಕೊಟ್ಟು, "ತಗೋ, ನಿನ್ ರಾಜರಾಣಿಯರಿಗೂ ಮೇಕಪ್ ಮಾಡು" ಎಂದಳು. ಪೌಡರ್ ಕೆಲಸ ಮಾಡಿತು. ಕಟ್ಟಿನ ಬುಡವನ್ನು ಹೆಬ್ಬೆರಳು ಬರೀ ಮುಟ್ಟಿಕೊಂಡಿರಬೇಕು, ಒತ್ತಬಾರದು. ಸವರುವ ಬೆರಳು ಎಲ್ಲೂ ತಡೆಯದೆ ಕಮಾನಿನ ಹಾಗೆ ಸುತ್ತಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ. ಬಿದ್ದ ಎಲೆಗಳನ್ನು ಆಯ್ದು ಆಯ್ದು ಬೆರಳುಗಳೇ ಕಲಿತವು. ಒಂದು ಮಧ್ಯಾಹ್ನ ಕಟ್ಟು ಅವಳ ಕೈಯಲ್ಲಿ ಈ ತುದಿಯಿಂದ ಆ ತುದಿಗೆ, ಒಂದೇ ಸಮನೆ, ಸರ್ರನೆ ಬಿಚ್ಚಿಕೊಂಡಿತು. ಆ ಸದ್ದಿಗೆ ಅವಳ ಮೈ ಜುಮ್ಮೆಂದಿತು.

ಭಾನುವಾರ ಬರುವುದನ್ನೇ ಕಾದು, ಆಟದ ನಡುವೆ ಹೋಗಿ ನಿಂತಳು. "ಭಾವ, ಸ್ವಲ್ಪ ಇಲ್ಲಿ ನೋಡಿ" ಎಂದು ಕಟ್ಟನ್ನು ಎಡಗೈಯಿಂದ ಸವರಿದಳು. ಭಾವನದಕ್ಕಿಂತ ಅಗಲವಾದ ಬೀಸಣಿಗೆ ಬಿಚ್ಚಿತು.

ಭಾವ ಕನ್ನಡಕ ಏರಿಸಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಯ್ಯೋ ಪುಣ್ಯಾತ್ಗಿತ್ತಿ! ಒಂದು ನಂಬರಾದ್ರೂ ಕಾಣ್ತಾ ಇದ್ಯಾ? ಬರೀ ಬಿಳೀ ಹಾಳೆ! ಇದನ್ನ ಹಿಡ್ಕೊಂಡು ಅದ್ಯಾವ ಆಟ ಆಡ್ತೀಯಮ್ಮಾ?"

ಅವಳು ಎಲೆಗಳನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡಿದಳು. ನಿಜ. ಬೀಸಣಿಗೆಯ ಅಂಚಿನುದ್ದಕ್ಕೂ ಒಂದು ಅಂಕಿಯಿಲ್ಲ, ಒಂದು ಗುರುತಿಲ್ಲ. ಕಲಿಯುವ ಭರದಲ್ಲಿ ಇದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಒಂದು ಎಲೆಯನ್ನು ಹೊರಗೆಳೆದಳು. ಮೂಲೆ ನಾಲ್ಕಿದ್ದರೂ ಅಂಕಿ ಅಚ್ಚಾಗಿದ್ದದ್ದು ಎರಡೇ ಮೂಲೆಗೆ. ಬಲಗೈಯಿಂದ ಬಿಚ್ಚಿದರೆ ಆ ಮೂಲೆಗಳು ಸಾಲಾಗಿ ಕಾಣುತ್ತವೆ. ಎಡಗೈಯಿಂದ ಬಿಚ್ಚಿದರೆ ಒಂದರಡಿ ಒಂದು ಮುಚ್ಚಿಹೋಗುತ್ತವೆ.

ಅವಳ ಕಿವಿ ಬಿಸಿಯಾಯಿತು. ಭಾವನ ನಗುವಿಗಲ್ಲ. ಅಚ್ಚು ಹಾಕಿದವನು ಯಾವನೋ ಮಹಾರಾಯ ಉಳಿದೆರಡು ಮೂಲೆ ಖಾಲಿ ಬಿಡುವಾಗ ಲೋಕದಲ್ಲಿ ಇನ್ನೊಂದು ಥರದ ಕೈಯೂ ಇದೆ ಎಂದು ಯೋಚಿಸಿರಲೇ ಇಲ್ಲ. ಅಂಥವರು ಯೋಚಿಸದೆ ಬಿಟ್ಟದ್ದಕ್ಕೆ ಇಷ್ಟು ವರ್ಷ ಬೈಸಿಕೊಂಡವಳು ತಾನು!

ಬೀರುವಿನಿಂದ ಕಪ್ಪು ಮತ್ತು ಕೆಂಪು ಪೆನ್ನು ತಂದು ಅಲ್ಲೇ ಕೂತಳು. ಒಂದೊಂದೇ ಎಲೆಯ ಖಾಲಿ ಮೂಲೆಗಳಿಗೆ ಅಂಕಿ ಬರೆದು, ಗುರುತು ಬಿಡಿಸಿದಳು. ಮುಗಿಯುವ ತನಕ ಯಾರು ಕರೆದರೂ ಏಳಲಿಲ್ಲ. ಮುಗಿದ ಮೇಲೆ ಕಟ್ಟನ್ನು ಚಾಪೆಯ ಮಧ್ಯೆ ಇಟ್ಟು, "ಇವತ್ತು ಇದರಲ್ಲೇ ಆಟ. ನಂಗೂ ಹಾಕಿ" ಎಂದಳು.

"ಗುರುತು ಹಾಕಿದ ಕಟ್ಟಲ್ಲಿ ನಾನು ಆಡಲ್ಲ," ಎಂದರು ಭಾವ. "ಅದು ಮೋಸ."

"ಬೆನ್ನಿಗೆ ಹಾಕಿದ್ರೆ ಮೋಸ, ನಾನು ಹಾಕಿರೋದು ಮುಖಕ್ಕೆ. ನಾಲ್ಕು ಮೂಲೇಲೂ ಇದ್ರೆ ಮೋಸ, ಎರಡೇ ಮೂಲೇಲಿದ್ರೆ ನ್ಯಾಯಾನಾ ಭಾವ? ನಿಮಗೆ ಕಾಣೋದು ಈಗಲೂ ಕಾಣುತ್ತಲ್ಲ, ನಿಮ್ಮದೇನು ಕಿತ್ಕೊಂಡೆ ನಾನು?"

ಭಾವ ತಮ್ಮನ ಮುಖ ನೋಡಿದರು. ತಮ್ಮ ಈ ಸಲ ನಗಲಿಲ್ಲ. "ಆಡೋದಾದ್ರೆ ಕೂತ್ಕೊ ಅಣ್ಣ. ಇಲ್ಲಾಂದ್ರೆ ನಾವೇ ಆಡ್ತೀವಿ" ಎಂದು ಎಲೆ ಕಲಸಿದ. ಭಾವ ಗೊಣಗುತ್ತಲೇ ಕೂತರು.

ಅಲ್ಲಿಗೆ ಅವಳ ಸಿಟ್ಟು ಇಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಮಾಸ್ಟರ ಮುಂದೆ ಕತ್ತರಿ ಇಟ್ಟಳು.

"ಇದು ನನ್ನ ಕೈಗೆ ಮಾಡಿದ್ದಲ್ಲ ಸಾರ್. ಎಡಗೈ ಕತ್ತರಿ ಅಂತಾನೇ ಬರುತ್ತಂತೆ. ತರಿಸಿಕೊಡಿ."

"ನಿನ್ನೊಬ್ಬಳಿಗೋಸ್ಕರ ಬೇರೆ ಕತ್ತರೀನಾ? ನಾಳೆ ಎಡಗೈ ಮೇಜು ಕೇಳ್ತೀಯ!"

"ನಿಮಗೆಲ್ಲ ನಿಮ್ಮ ಕೈಗೆ ತಕ್ಕ ಕತ್ತರಿ ಸಿಕ್ಕಿದೆ. ಅದನ್ನ ಯಾರೂ ಬೇರೆ ಅನ್ನಲ್ವಲ್ಲ?"

ಮಾಸ್ಟರಿಗೆ ಉರಿದುಹೋಯಿತು. ಅವಳನ್ನು ಹೊಲಿದ ಬಟ್ಟೆಗಳ ನೇತಾಡುವ ನೂಲು ಕತ್ತರಿಸುವ ಮಕ್ಕರಿಯ ಬಳಿಗೆ ಅಟ್ಟಿದರು. ಅವಳು ಅಲ್ಲಿ ಕೂತಳು, ಆದರೆ ಕೇಳುವುದನ್ನು ಬಿಡಲಿಲ್ಲ. ಬೆಳಿಗ್ಗೆ ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ, "ಬಂತಾ ಸಾರ್?" ಇತ್ತ ಮೇಜಿನ ಮೇಲೆ ಕೆಲಸ ರಾಶಿಬಿದ್ದಿತು. ಗುಂಡಿ ಹಾಕುವಾಕೆಯೂ, ಇಸ್ತ್ರಿಯವರೂ ಮಾಸ್ಟರ ಮುಖ ಕಂಡಾಗಲೆಲ್ಲ "ಬಂತಾ ಸಾರ್?" ಎನ್ನಲು ಶುರುಮಾಡಿದರು. ಕಡೆಗೊಂದು ದಿನ ಮಾಸ್ಟರು ಕಾಗದದ ಪೊಟ್ಟಣವೊಂದನ್ನು ಅವಳ ಮುಂದೆ ದೊಪ್ಪನೆ ಎಸೆದರು. ಮಾಲೀಕರಿಗೆ ಮಾತ್ರ ಅದು ತಮ್ಮದೇ ಉಪಾಯವೆಂದು ಹೇಳಿದ್ದರಂತೆ.

ಎಲ್ಲರೂ ಸುತ್ತ ನಿಂತರು. ಅವಳು ಹೊಸ ಕತ್ತರಿಯನ್ನು ಎಡಗೈಗೆ ಹಾಕಿಕೊಂಡಳು. ಹೆಬ್ಬೆರಳು ಹಿತವಾಗಿ ಕೂತಿತು. ಗೆರೆ ಪೂರ್ತಿ ಕಾಣುತ್ತಿತ್ತು. ಆದರೆ ಕತ್ತರಿಸಿದಾಗ ಬಟ್ಟೆ ಸೊಟ್ಟಗೆ ಹೋಯಿತು. ಇನ್ನೊಮ್ಮೆ ಹಾಕಿದಳು, ಮತ್ತೂ ಸೊಟ್ಟ. ಗೆರೆ ಕಾಣದೆ ಅಂದಾಜಿನ ಮೇಲೆ ಕತ್ತರಿಸಿ ಕತ್ತರಿಸಿ, ಅಲಗನ್ನು ಒಂದು ಪಕ್ಕಕ್ಕೆ ಒತ್ತುವುದು ಅವಳ ಬೆರಳಿಗೆ ರೂಢಿಯಾಗಿಬಿಟ್ಟಿತ್ತು. "ನೋಡಿದ್ರಾ?" ಎಂದರು ಮಾಸ್ಟರು, ಸುತ್ತಲಿದ್ದವರ ಕಡೆ ತಿರುಗಿ.

ಅವಳ ಕಣ್ಣು ತುಂಬಿ ಬಂತು. ಸೋತದ್ದಕ್ಕಲ್ಲ. ತನ್ನದೇ ಕೈಯನ್ನು ತನಗೇ ಗೊತ್ತಿಲ್ಲದಂತೆ ಹೀಗೆ ತಿರುಚಿಟ್ಟಿದ್ದರಲ್ಲ ಎಂಬ ರೋಷಕ್ಕೆ. ಕಣ್ಣೊರೆಸಿಕೊಂಡು, ಚಿಂದಿಯ ರಾಶಿಯಿಂದ ಒಂದು ತುಂಡು ಎಳೆದುಕೊಂಡಳು.

"ದಾರಿ ಬಿಡಿ ಸಾರ್, ಬೆಳಕಿಗೆ ಅಡ್ಡ ನಿಂತಿದ್ದೀರಿ," ಎಂದು ಚಾಕಿನಿಂದ ಉದ್ದಕ್ಕೆ ಗೆರೆ ಎಳೆದು, ಕತ್ತರಿಯನ್ನು ಮೊದಲಿನಿಂದ ಕಲಿಯಲು ಕೂತಳು.