ಬೆಳ್ಳಗಿದ್ದ ಟಬ್ಬಿನಲ್ಲಿ ಸತ್ತ ಮೀನು

ಕಳೆದ ವಾರ ಊರ ಮುಂದೆ ನನ್ನ ಮಾನ ಕಳೆದದ್ದು ಬೆರಳುದ್ದದ ಮೀನುಗಳು. ಅದೂ ಸತ್ತು!

ಮೊದಲಿಂದ ಹೇಳುತ್ತೇನೆ. ನಮ್ಮೂರು ಅಕ್ಕೂರಿನ ಕಡೆ. ರೇಷ್ಮೆ ಹುಳು ಸಾಕುವವರೇ ಹೆಚ್ಚು. ಊರ ಮೇಲುಗಡೆ ಒಂದು ಪೇಪರ್ ಮಿಲ್ ಇದೆ. ಹಳೇ ರದ್ದಿಯನ್ನು ನೆನೆಸಿ, ತೊಳೆದು, ಹೊಸ ಕಾಗದ ಮಾಡುತ್ತಾರೆ. ತೊಳೆದ ನೀರು ನಮ್ಮ ಹಳ್ಳಕ್ಕೆ ಬರುತ್ತದೆ. ಕೆಲವು ದಿನ ಟೀ ಬಣ್ಣ, ಕೆಲವು ದಿನ ನೊರೆ.

ಹಳ್ಳದ ಪಕ್ಕದಲ್ಲೇ ಪುಟ್ಟತಾಯಮ್ಮನ ಹಿಪ್ಪುನೇರಳೆ ತೋಟ. ಆಕೆ ಮೋಟಾರ್ ಇಟ್ಟಿರುವುದೂ ಹಳ್ಳಕ್ಕೇ. ಹೋದ ಬೆಳೆಯಲ್ಲಿ ಆಕೆಯ ಹುಳುಗಳು ಸೊಪ್ಪು ಮುಟ್ಟದೆ ಸೊರಗಿ ಹೋದವು. ಈಗ ಮತ್ತೆ ಚಾಕಿ, ಅಂದರೆ ಮರಿಹುಳು, ತರಿಸುವ ಹೊತ್ತು. ತೋಟಕ್ಕೆ ಆ ನೀರು ಬಿಡಬಹುದೋ, ಬಾರದೋ? ಆಕೆಗೆ ಬೇಕಾಗಿರುವುದು ಇದೊಂದೇ ಉತ್ತರ.

ಮಾಲಿನ್ಯ ನೋಡುವ ಸರ್ಕಾರಿ ಆಫೀಸಿನವರು ಬಾಟಲಿಯಲ್ಲಿ ಹಳ್ಳದ ನೀರು ತುಂಬಿಸಿಕೊಂಡು ಹೋಗಿದ್ದರು. ರಿಪೋರ್ಟ್ ಬಂತು. ತುಂಬಾ ಇಂಗ್ಲಿಷ್, ತುಂಬಾ ಅಂಕಿ, ಕೊನೆಗೆ ‘ಮಿತಿಯೊಳಗಿದೆ’. ಯಾರ ಮಿತಿ? ಹುಳುವಿನದೋ, ಮಿಲ್ಲಿನದೋ?

ಚನ್ನಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡುವ ಶೋಭಾ ಮೇಡಂ ಅವರನ್ನು ಕೇಳಿದೆ. “ನೀರಲ್ಲಿ ಏನೇನಿದೆ ಅಂತ ಆ ಅಂಕಿಗಳು ಹೇಳ್ತವೆ ಸರ್. ಅದೆಲ್ಲ ಸೇರಿ ಜೀವಕ್ಕೆ ಏನು ಮಾಡುತ್ತೆ ಅಂತ ಗೊತ್ತಾಗಬೇಕಾದ್ರೆ ಜೀವವನ್ನೇ ಬಿಟ್ಟು ನೋಡಬೇಕು” ಎಂದರು. ಮಿಲ್ ನೀರಲ್ಲಿ ಒಂದಷ್ಟು ಮೀನು, ಸಾದಾ ನೀರಲ್ಲಿ ಒಂದಷ್ಟು ಮೀನು. ನಾಲ್ಕು ದಿನ ಕಾಯುವುದು. ಅವರು ಇನ್ನೂ ಏನೇನೋ ಹೇಳುತ್ತಿದ್ದರು. ನಾನು ಎದ್ದೇಬಿಟ್ಟೆ.

ಇಷ್ಟೇ ತಾನೆ? ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಮೋಟಾರ್ ರಿಪೇರಿಯಿಂದ ಹಿಡಿದು ಈ ಅಂಕಣದವರೆಗೆ ಎಲ್ಲ ನೋಡಿ ಕಲಿತದ್ದೇ. (ಯಾರೂ ಹೇಳಿಕೊಟ್ಟಿಲ್ಲ ಅನ್ನುವುದು ನನ್ನ ಹೆಮ್ಮೆ. ನನ್ನಾಕೆಯ ಪ್ರಕಾರ ಅದೇ ನನ್ನ ಕಾಯಿಲೆ.)

ಊರ ಹಾಲಿನ ಡೈರಿ ಮುಂದೆ ಎರಡು ಟಬ್ ಇಟ್ಟೆ. ಒಂದಕ್ಕೆ ಹಳ್ಳದ ನೀರು. ಇನ್ನೊಂದಕ್ಕೆ ನಾವೇ ಕುಡಿಯುವ ನನ್ನ ಬೋರಿನ ನೀರು. ಕೆರೆಯಲ್ಲಿ ಮೀನುಮರಿ ಹಿಡಿಸಿ ಸಂಜೆ ಎರಡಕ್ಕೂ ಬಿಟ್ಟೆ. ಮಿಲ್ ಮ್ಯಾನೇಜರನ್ನೂ ಮುಂಚೆಯೇ ಹೋಗಿ ಕರೆದು ಬಂದಿದ್ದೆ. ನಮ್ಮ ಕಡೆ ಜಗಳವಾಡುವುದಕ್ಕೂ ಕರೆಯುತ್ತೇವೆ. ಕರೆಯದೆ ಮಾಡಿದರೆ ಕದ್ದು ಮಾಡಿದಂತಲ್ಲವೇ?

ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಅರ್ಧ ಊರು ಸೇರಿತ್ತು. ಹಳ್ಳದ ನೀರಿನ ಮೀನುಗಳು ಬಾಲ ಆಡಿಸಿಕೊಂಡು ಸುತ್ತುತ್ತಿದ್ದವು. ನನ್ನ ಬೋರಿನ ನೀರಿನವು? ಅಷ್ಟೂ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು.

“ಏನ್ಲಾ, ಇದೇ ನೀರ್ನ ಮೊನ್ನೆ ನಂಗೂ ಕುಡಿಸ್ದಲ್ಲೋ! ಬದುಕಿವ್ನಾ ನಾನು? ಒಸಿ ಮುಟ್ಟಿ ನೋಡ್ಲಾ” ಎಂದ ನನ್ನ ಗೆಳೆಯ ಬೋರೇಗೌಡ. ನಗುವೋ ನಗು. ಮ್ಯಾನೇಜರ್ ಮೊಬೈಲಲ್ಲಿ ಫೋಟೋ ಹೊಡೆದುಕೊಂಡರು. “ಗೌಡ್ರೇ, ಬೇಕಾದ್ರೆ ಇನ್ಮೇಲೆ ನಮ್ ನೀರೇ ತಗೊಂಡ್ ಹೋಗಿ” ಎಂದು ನನಗೆ ಹೇಳಿ ಬೈಕ್ ಹತ್ತಿದರು.

ಪುಟ್ಟತಾಯಮ್ಮ ನಗಲಿಲ್ಲ. “ಅಂಗಾರೆ ಹಳ್ಳದ್ ನೀರೇ ಬುಡ್ಲಾ ಅಣ್ಣ?” ಎಂದಳು.

ನಾನು ಟಬ್ ಎತ್ತಿಕೊಂಡೆ.

ಮನೆಗೆ ಬಂದು ಟಬ್ ಕುಕ್ಕಿದೆ. ನನ್ನಾಕೆ ಬಂದು ನೋಡಿದಳು. “ಅಯ್ಯೋ, ಇದ್ನ್ಯಾಕ್ ತಗೊಂಡೋಗಿದ್ರಿ? ಬ್ಲೀಚಿಂಗ್ ಪೌಡ್ರು ಕಲ್ಸೋ ಟಬ್ಬು ಅಲ್ವಾ ಇದು!”

ಹುಳು ಸಾಕುವ ಮನೆ. ಪ್ರತಿ ಬೆಳೆ ಮುಗಿದ ಮೇಲೆ ಹುಳುಮನೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲಕ್ಕೂ ಬ್ಲೀಚಿಂಗ್ ಪೌಡರ್ ನೀರು ಹೊಡೆಯುತ್ತೇವೆ, ರೋಗ ಅಂಟದಿರಲಿ ಅಂತ. ಟಬ್ಬಿನ ತಳದಲ್ಲಿ ಅದೇ ಪುಡಿ ಕರೆಗಟ್ಟಿ ಕೂತಿತ್ತು. ನಾನು ಆ ಟಬ್ಬನ್ನು ಆರಿಸಿಕೊಂಡದ್ದೇ ಬೆಳ್ಳಗಿದೆ ಅಂತ! (ಕ್ಲೀನ್ ನೀರಿಗೆ ಕ್ಲೀನ್ ಟಬ್.)

ಮೇಡಂಗೆ ಫೋನ್ ಮಾಡಿದೆ. “ಸಾದಾ ನೀರಲ್ಲಿ ಮೀನು ಸತ್ರೆ ಆ ಪರೀಕ್ಷೆ ಲೆಕ್ಕಕ್ಕೇ ಇಲ್ಲ ಸರ್. ಅವತ್ತು ಅದನ್ನೇ ಹೇಳೋಕೆ ಹೊರಟಿದ್ದೆ. ನೀವು ಎದ್ದು ಹೋದ್ರಿ” ಎಂದರು.

ಊರಿಗೆ ಹೇಳಲೋ, ಬೇಡವೋ? ಸುಮ್ಮನಿದ್ದರೆ ತಪ್ಪು ನನ್ನ ಬೋರಿನದಾಗುತ್ತದೆ, ನನ್ನ ಬುದ್ಧಿಯದಲ್ಲ. ಆದರೆ ಅತ್ತ ಪುಟ್ಟತಾಯಮ್ಮ ಮೋಟಾರ್ ಆನ್ ಮಾಡಿಬಿಡುತ್ತಾಳೆ. ಸಂಜೆ ಡೈರಿ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬೋರೇಗೌಡ ಮತ್ತೆ ನಕ್ಕ. ನಗಲಿ.

ನಗು ನಿಂತ ಮೇಲೆ ಪುಟ್ಟತಾಯಮ್ಮ ಬಾಯಿಬಿಟ್ಟಳು. “ನಿನ್ ಟಬ್ಬಿನ್ ಕತೆ ಆಯ್ತು. ಹಳ್ಳದ್ ನೀರಿನ್ ಮೀನು ಯಾಕ್ ಸಾಯ್ನಿಲ್ಲ ಅಂತ ಯೋಚ್ನೆ ಮಾಡ್ದಾ? ನೆನ್ನೆ ಹಳ್ಳ ಕನ್ನಡಿ ಇದ್ದಂಗಿತ್ತು ಕಣಣ್ಣ. ನೀನೇ ಹೋಗಿ ಕರ್ದು ಬಂದ್ಮೇಲೆ ಅವ್ರು ಕೊಳೆ ನೀರ್ ಬುಡ್ತಾರಾ? ಈಗ ಹೋಗ್ ನೋಡು, ಮಧ್ಯಾಹ್ನದಿಂದ ಮತ್ತೆ ಟೀ ಬಣ್ಣ ಐತೆ.”

ಹೋಗಿ ನೋಡಿದೆ. ಟೀ ಬಣ್ಣವೇ. ಪರೀಕ್ಷೆ ಯಾವತ್ತು ಅಂತ ಮೊದಲೇ ಹೇಳಿಬಿಟ್ಟರೆ ಯಾರು ತಾನೇ ಓದಿಕೊಂಡು ಬರುವುದಿಲ್ಲ?

ಅವತ್ತಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಹಳ್ಳ ದಾಟುವಾಗಲೆಲ್ಲ ಗಾಡಿ ನಿಲ್ಲಿಸಿ ಬಣ್ಣ ನೋಡುತ್ತೇನೆ. ಊಟಕ್ಕೆ ಕೂತರೂ ಅದೇ ಯೋಚನೆ. ಜೊತೆಗೆ ಇನ್ನೊಂದು ಕೊರೆಯುತ್ತಿದೆ. ಹುಳುಮನೆ ತೊಳೆದ ಬ್ಲೀಚಿಂಗ್ ನೀರನ್ನು ನಾವು ಇಷ್ಟು ವರ್ಷ ಹರಿಸಿದ್ದು ಎಲ್ಲಿಗೆ? ಅದೇ ಹಳ್ಳಕ್ಕೆ. ಮಿಲ್ ಯಾವುದು, ಗೌಡ ಯಾವನು ಅಂತ ಮೀನಿಗೆ ಗೊತ್ತಾಗುತ್ತದೆಯೇ?

ಸದ್ಯಕ್ಕೆ ಪುಟ್ಟತಾಯಮ್ಮನ ತೋಟಕ್ಕೆ ನನ್ನ ಬೋರಿನಿಂದ ಪೈಪ್ ಎಳೆದಿದ್ದೇನೆ. ಎರಡು ತೋಟಕ್ಕೆ ಅದು ಎಷ್ಟು ದಿನ ತಡೆದೀತು? ಚಾಕಿ ಬರುವಷ್ಟರಲ್ಲಿ ಮತ್ತೆ ಮೀನು ಬಿಡಲೇಬೇಕು. ಈ ಸಲ ಟಬ್ ಹೊಸದು. ಮೇಡಂ ಹೇಳಿದ್ದನ್ನು ಕೊನೇವರೆಗೂ ಕೂತು ಕೇಳಿದ್ದೇನೆ.

ಮ್ಯಾನೇಜರ್ ಸಾಹೇಬರು ಪ್ರತಿ ವಾರ ಈ ಅಂಕಣ ಓದುತ್ತಾರಂತೆ. ಸಂತೋಷ. ಹಳ್ಳದಿಂದ ನೀರು ಎತ್ತುವುದು ಯಾವತ್ತು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.