ಹಾಲವ್ವ ಮೆತ್ತಿದ ಜ್ವರ

ಮಾಟ, ಮಂತ್ರ, ದೃಷ್ಟಿ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಆಗೆಲ್ಲ ನನಗೆ ಮೈ ಉರಿಯುತ್ತಿತ್ತು. ದನದ ಡಾಕ್ಟರನಾಗಿ ಚನ್ನಗಿರಿಗೆ ಬಂದ ಹೊಸತು. ಸೂಕ್ಷ್ಮದರ್ಶಕದಲ್ಲಿ ಕಾಣದ್ದು ಜಗತ್ತಿನಲ್ಲೇ ಇಲ್ಲವೆಂಬ ಸೊಕ್ಕು ಬೇರೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನನ್ನ ಕೈಯಿಂದಲೇ ನಡೆಯದಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲ. ಸೂಳೆಕೆರೆಯ ಕೆಳಗಿನ ಒಂದು ಹಳ್ಳಿಯಲ್ಲಿ, ಸರಿಯಾಗಿ ನಾಟಿಯ ಹೊತ್ತಿಗೆ, ದನಗಳಿಗೆ ಮೂರು ದಿನದ ಜ್ವರ ಹಬ್ಬಿತು. ನಿಂತ ದನ ಧೊಪ್ಪನೆ ಬೀಳುತ್ತದೆ. ಮೂರನೆಯ ದಿನ ಸಾಮಾನ್ಯವಾಗಿ ತಾನೇ ಎದ್ದು ನಿಲ್ಲುತ್ತದೆ. ಸೊಳ್ಳೆ, ನುಸಿ ಕಚ್ಚಿ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆಂಬ ಗುಮಾನಿ ಇತ್ತೇ ಹೊರತು ರೋಗಾಣುವನ್ನು ಕಂಡವರಿರಲಿಲ್ಲ. ನಾನೂ ರಕ್ತ ತೆಗೆದು ಕಣ್ಣು ನೋಯುವಷ್ಟು ನೋಡಿದ್ದೆ. ಏನೂ ಸಿಗಲಿಲ್ಲ.

ಹಾಲವ್ವ ಎಂಬ ವಿಧವೆಯ ಜೋಡಿ ಎತ್ತುಗಳಲ್ಲೂ ಒಂದು ಮಲಗಿತ್ತು. ಆ ಜೋಡಿಯನ್ನು ಊರವರ ಗದ್ದೆಗೆ ಬಾಡಿಗೆಗೆ ಹೂಡಿದರೆ ಮಾತ್ರ ಆಕೆಯ ಒಲೆ ಉರಿಯುತ್ತಿತ್ತು. ನಾನು ಹೋದದ್ದು ಮೂರನೆಯ ದಿನ ಮಧ್ಯಾಹ್ನ. ಎತ್ತು ಆಗಲೇ ಕತ್ತೆತ್ತಿ ಮೇವಿಗೆ ಬಾಯಿ ಹಾಕುತ್ತಿತ್ತು. ಅದರ ತಲೆಯ ಬಳಿ ಅಂಗೈಯುದ್ದದ ಮಣ್ಣಿನ ವಸ್ತುವೊಂದಿತ್ತು: ಒಂದು ತುದಿ ದುಂಡು, ಇನ್ನೊಂದು ಚಪ್ಪಟೆ, ಮೈತುಂಬ ಚುಚ್ಚಿದ ಮುಳ್ಳಿನ ಚೂರು. ಜ್ವರವನ್ನು ಅದರಲ್ಲಿ ಕೂರಿಸಿ, ದನ ಎದ್ದ ಮೇಲೆ ಒಡೆಯದಂತೆ ಊರ ಗಡಿ ದಾಟಿಸಿ ಬರುವುದು ಅವರ ಮನೆತನದ ಪದ್ಧತಿಯಂತೆ. ಯಾರು ಕಲಿಸಿದರೆಂದು ಕೇಳಿದೆ. ಅತ್ತೆ ತೋರಿಸಿದ್ದಳು, ಅವಳಿಗೆ ಅವಳ ಅತ್ತೆ ತೋರಿಸಿದ್ದಳು ಎಂದಳು.

ಒಳಗೆ ಮಣ್ಣು ಬಿಟ್ಟರೆ ಏನೂ ಇಲ್ಲ, ತೋರಿಸುತ್ತೇನೆ ನೋಡವ್ವ ಎಂದು, ಆಕೆ ಕೈ ಅಡ್ಡ ತರುವಷ್ಟರಲ್ಲಿ ಮುರಿದೇಬಿಟ್ಟೆ. ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಒಂದು ನೂಲು ಸುರುಳಿ ಸುರುಳಿಯಾಗಿ ಸುತ್ತಿಕೊಂಡು ಕೂತಿತ್ತು.

ಹಾಲವ್ವ ಬೈಯಲಿಲ್ಲ. "ಮಣ್ಣು ಬರೀ ಮನೆ ಕಣ್ರೀ ಡಾಕ್ಟ್ರೇ. ಜ್ವರ ಅಂದ್ರೆ ಆ ನೂಲೇ. ಈಗ ಅದು ಎತ್ಲಾಗೆ ಹೋಗ್ತೈತೋ, ಹಿಡಿಯಾಕೆ ನನ್ನ ಕೈಲಿ ಆಗಲ್ಲ" ಎಂದಳು.

ಮೇಯುತ್ತಿದ್ದ ಎತ್ತು ಮುಸ್ಸಂಜೆಗೆ ಕತ್ತು ಚಾಚಿ ಸತ್ತಿತು. ನಾನು ಅಲ್ಲೇ ಇದ್ದೆ. ಕೊಡಬೇಕೆಂದಿದ್ದ ಸೂಜಿ ಕೈಯಲ್ಲೇ ಉಳಿಯಿತು. ಈ ರೋಗದಲ್ಲಿ ಕೆಲವು ಹೀಗೆ ಸಾಯುವುದುಂಟು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಳಿದ ಒಂಟಿ ಎತ್ತನ್ನು ಮಾರಿ ಹಾಲವ್ವ ಊರು ಬಿಟ್ಟಳು. ಎಲ್ಲಿಗೆಂದು ಯಾರಿಗೂ ತಿಳಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ನಾನು ಮುದುಕನಾದಾಗ, ಪುಸ್ತಕವೊಂದರಲ್ಲಿ ಆ ಜ್ವರದ ವೈರಸ್ಸಿನ ಚಿತ್ರ ನೋಡಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು. ಒಂದು ತುದಿ ದುಂಡು, ಇನ್ನೊಂದು ಚಪ್ಪಟೆ, ಮೈಯೆಲ್ಲ ಮುಳ್ಳು, ಒಳಗೆ ಸುರುಳಿ ಸುತ್ತಿದ ಎಳೆ. ಹೊರಗಿನದು ಕವಚ ಮಾತ್ರ, ರೋಗದ ಬೀಜ ಆ ಎಳೆಯೇ ಎಂದು ಕೆಳಗೆ ಬರೆದಿತ್ತು. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಆ ಅತ್ತೆಯಂದಿರು ಅದನ್ನು ಎಲ್ಲಿ ನೋಡಿದ್ದರು? ನನಗೆ ಗೊತ್ತಿಲ್ಲ, ಕೇಳೋಣವೆಂದರೆ ಯಾರೂ ಉಳಿದಿಲ್ಲ. ನನ್ನನ್ನು ಹೆದರಿಸುವುದು ಮಾತ್ರ ಇನ್ನೊಂದು. ರೋಗದ ಆಕಾರದ ವಿಷಯದಲ್ಲಿ ಹಾಲವ್ವ ತಪ್ಪಿರಲಿಲ್ಲ ಎಂದಮೇಲೆ, ಅದನ್ನು ಒಡೆಯಬಾರದೆಂಬ ವಿಷಯದಲ್ಲೂ ತಪ್ಪಿರಲಿಲ್ಲವೇನೋ. ಹಾಗಿದ್ದರೆ ಆ ಎತ್ತನ್ನು ಕೊಂದವನು ನಾನೇ.