ಕ್ಯಾಪ್ಟನ್ನನಿಗೊಂದು ನಿಮಿಷ

ಅಮೆರಿಕದ ಡಬ್ಲಿನ್ನಿನ ಕನ್ನಡಿಗರು ಊಟಕ್ಕೆ ಸೇರಿದಾಗಲೆಲ್ಲ ಗುರುದತ್ತರ ಪಕ್ಕದ ಕುರ್ಚಿ ಖಾಲಿಯೇ ಇರುತ್ತಿತ್ತು. ಮನುಷ್ಯ ಕೆಟ್ಟವರಲ್ಲ, ಪಾಪ. ಆದರೆ ಯಾರಾದರೂ ತಟ್ಟೆ ಹಿಡಿದು ಹತ್ತಿರ ಕೂತರೆ ಸಾಕು, ಕ್ಯಾಪ್ಟನ್ನನ ಕಥೆ ಶುರು.

ಈ ಕ್ಯಾಪ್ಟನ್ ಅವರ ನೆಂಟನೂ ಅಲ್ಲ, ಇಷ್ಟನೂ ಅಲ್ಲ. ಇನ್ನೂರೈವತ್ತು ವರ್ಷದ ಹಿಂದೆ, ಇಂದಿನ ಜರ್ಮನಿಯ ಕಡೆ ಇದ್ದ ಪ್ರಷ್ಯಾ ರಾಜ್ಯದ ಸೈನ್ಯಾಧಿಕಾರಿ. ಹೆಸರು ಯೋಆಖಿಮ್ ಫಾನ್ ಶ್ಟ್ರೂಟ್ಸ್‌ವಿಟ್ಸ್. ಆಫೀಸಿನ ಕೆಲಸಕ್ಕೆ ಬರ್ಲಿನ್ನಿಗೆ ಹೋಗಿದ್ದ ಗುರುದತ್ತರು ಮಳೆಗೆ ಹೆದರಿ ಒಂದು ಮ್ಯೂಸಿಯಮ್ಮಿಗೆ ನುಗ್ಗಿದ್ದೇ ತಪ್ಪಾಯಿತು. ದೊಡ್ಡ ದೊಡ್ಡ ಸೇನಾಪತಿಗಳ ಚಿತ್ರಗಳಾಚೆ, ಬಾಗಿಲ ಹಿಂದೆ, ಈ ಬಡಪಾಯಿಯ ಸಣ್ಣದೊಂದು ಚಿತ್ರ. ಯಾರೂ ನಿಂತು ನೋಡುತ್ತಿರಲಿಲ್ಲ. ಗುರುದತ್ತರು ನಿಂತರು.

ಆಮೇಲೆ ಕೇಳಬೇಕೆ! ಮೆನ್ಲೋ ಪಾರ್ಕಿನ ಆಫೀಸಿಗೆ ಹೋಗಿಬರುವ ಕಾರಿನಲ್ಲೇ ಜರ್ಮನ್ ಕಲಿತರು, ಸಿಕ್ಕ ಹಳೆಯ ಪುಸ್ತಕವನ್ನೆಲ್ಲ ಕೆದಕಿದರು, ಕನ್ನಡದಲ್ಲಿ ಕ್ಯಾಪ್ಟನ್ನನ ಜೀವನಚರಿತ್ರೆ ಬರೆದರು. ಹದಿನೈದಕ್ಕೆ ಸೈನ್ಯ ಸೇರಿದವನು ಮೂವರು ರಾಜರಿಗೆ ದುಡಿದ, ಮೊಣಕಾಲಿಗೆ ಗುಂಡು ತಿಂದ. ಒಮ್ಮೆ ಕವಾಯತಿನಲ್ಲಿ ಅವನ ತುಕಡಿ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿತು, ರಾಜ ಮುಖ ಸಿಂಡರಿಸಿದ. ಅಲ್ಲಿಗೆ ಮುಗಿಯಿತು. ಮೀಸೆ ಮೂಡದವರೆಲ್ಲ ಮೇಜರಾದರು, ಇವನು ಕ್ಯಾಪ್ಟನ್ ಆಗಿಯೇ ಮುದುಕನಾದ.

ಗುರುದತ್ತರೂ ಸೀನಿಯರ್ ಇಂಜಿನಿಯರ್ ಆಗಿಯೇ ತಲೆ ನರೆಸಿಕೊಂಡವರು. ಅವರೇ ಕೆಲಸ ಕಲಿಸಿದ ಅನಿಕೇತ ಈಗ ಅವರ ಬಾಸು. "ನಿಮ್ ಕಥೇನೇ ಬರ್ದಿದೀರಾ ಸರ್?" ಎಂದು ಯಾರಾದರೂ ಕೆಣಕಿದರೆ ಉಡುಪಿಯ ಕನ್ನಡದಲ್ಲಿ ಉರಿದುಬೀಳುತ್ತಿದ್ದರು. "ನನಗೂ ಅವನಿಗೂ ಎಂತ ಸಂಬಂಧ? ನನ್ನ ಮೊಣಕಾಲಲ್ಲಿ ಗುಂಡು ಉಂಟಾ?"

ಓದಿದವರು ಮಾತ್ರ ಒಬ್ಬರೂ ಇಲ್ಲ. ಹೆಂಡತಿ ಸೌದಾಮಿನಿ ಮೂರನೇ ಪುಟದಲ್ಲೇ ನಿದ್ದೆಹೋದರು. ಒಂದೇ ಒಂದು ಸಲ, ನಾಲ್ಕು ಜನ ಕೂತು ಕ್ಯಾಪ್ಟನ್ನನ ಬದುಕನ್ನು ಕೊನೆತನಕ ಕೇಳಬೇಕು. ಗುರುದತ್ತರಿಗೆ ಇದ್ದದ್ದು ಇಷ್ಟೇ ಆಸೆ.

ಹಾಗಾಗಿ ಕನ್ನಡ ಸಂಘದ ಅಧ್ಯಕ್ಷ ರಘು ಫೋನು ಮಾಡಿ, "ಸರ್, ರಾಜ್ಯೋತ್ಸವಕ್ಕೆ ನಿಮ್ಗೆ ಸನ್ಮಾನ ಇಟ್ಕೊಂಡಿದೀವಿ, ಪರಿಚಯ ಒಂದ್ ಪೇಜು ಕಳ್ಸಿ" ಎಂದಾಗ, ಗುರುದತ್ತರು ತಮ್ಮ ಬಗ್ಗೆ ಒಂದು ಸಾಲು ಗೀಚಿ ಉಳಿದ ಪುಟವನ್ನೆಲ್ಲ ಕ್ಯಾಪ್ಟನ್ನನಿಗೆ ಕೊಟ್ಟರು. ಸನ್ಮಾನದ ಸಭೆಯಿಂದ ಯಾರೂ ಎದ್ದು ಓಡುವಂತಿಲ್ಲವಲ್ಲ!

ನಿರೂಪಣೆ ಮಾಡಿದವಳು ಸೋನಾಲಿ, ಇಲ್ಲೇ ಹುಟ್ಟಿದ ಹುಡುಗಿ. ಶ್ಟ್ರೂಟ್ಸ್‌ವಿಟ್ಸ್ ಅವಳ ನಾಲಿಗೆಯ ಮೇಲೆ ಹೊರಳಲೊಲ್ಲದು. ಆ ಹೆಸರು ಬಂದಲ್ಲೆಲ್ಲ ಹೊಡೆದುಹಾಕಿ "ಇವರು" ಎಂದು ಮಾಡಿಕೊಂಡಳು. ಪ್ರಷ್ಯಾವನ್ನೂ ಬಿಟ್ಟಳು.

"ಶ್ರೀ ಗುರುದತ್ ಅವರು ಇಂಜಿನಿಯರ್. ಇವರು ಹದಿನೈದನೇ ವಯಸ್ಸಿಗೆ ಸೈನ್ಯ ಸೇರಿದರು. ಮೂವರು ದೊರೆಗಳು ಬಂದುಹೋದರೂ ಇವರು ಇದ್ದಲ್ಲೇ ಇದ್ದರು."

ಸಭೆಯ ತುಂಬ ಟೆಕ್ಕಿಗಳು. ಆಫೀಸಿನ ಬಗ್ಗೆ ಎಂಥ ಚಾಟಿಯೇಟು ಎಂದುಕೊಂಡು ಚಪ್ಪಾಳೆ ತಟ್ಟಿದರು. "ನಿನ್ನೆ ಮೊನ್ನೆ ಬಂದವರು ಇವರನ್ನು ದಾಟಿ ಮೇಲೇರಿದರು" ಎಂದಾಗ ಶಿಳ್ಳೆಯೂ ಬಿತ್ತು. ಮುಂದಿನ ಸಾಲಿನಲ್ಲಿದ್ದ ಅನಿಕೇತ ಕೆಮ್ಮಿದ.

ಸೋನಾಲಿ ನಿಲ್ಲಿಸಲಿಲ್ಲ. "ಕೊನೆಗೆ ಪಿಂಚಣಿಯೂ ಸಿಗದೆ ಇವರು ಹಳ್ಳಿಯೊಂದರಲ್ಲಿ ತೀರಿಕೊಂಡರು. ಹೆಗಲು ಕೊಡಲು ನಾಲ್ಕು ಜನವೂ ಬರಲಿಲ್ಲ."

ಚಪ್ಪಾಳೆಗೆಂದು ಎತ್ತಿದ ಕೈಗಳು ಕೆಳಗಿಳಿದವು. ಊಟದ ಏರ್ಪಾಡು ನೋಡಲು ಹೊರಗೆ ಹೋಗಿದ್ದ ರಘು ಒಳಗೆ ಕಾಲಿಟ್ಟದ್ದು ಸರಿಯಾಗಿ ಆ ಕೊನೆಯ ಮಾತಿಗೆ. ಯಾರು ಏನು ಎಂದು ವಿಚಾರಿಸುವ ಗೋಜಿಗೆ ಹೋಗದೆ ಮೈಕು ಹಿಡಿದ. "ದಯವಿಟ್ಟು ಎಲ್ರೂ ಎದ್ದು ನಿಂತು ಒಂದ್ ನಿಮಿಷ ಮೌನ."

ಅಧ್ಯಕ್ಷರೇ ಹೇಳಿದ ಮೇಲೆ ಇನ್ನೇನು! ಅರ್ಧ ಸಭೆ ಅಭ್ಯಾಸಬಲದಿಂದ ಎದ್ದಿತು, ಉಳಿದವರು ಅವರನ್ನು ನೋಡಿ ಎದ್ದರು. ವೇದಿಕೆಯ ಮೇಲೆ ಪೇಟ ತೊಟ್ಟು, ಶಾಲು ಹೊದ್ದು ಕೂತಿದ್ದ ಗುರುದತ್ತರೂ ಎದ್ದರು. ಪೇಟ ತೆಗೆದು ಎದೆಗೆ ಒತ್ತಿಕೊಂಡರು.

"ಎಂತ ಮಾರಾಯ್ರೆ ಇದು!" ಪಕ್ಕದಲ್ಲಿದ್ದ ಸೌದಾಮಿನಿ ಶಾಲು ಜಗ್ಗಿದರು. "ಕೂತ್ಕೊಳ್ಳಿ. ಬದುಕಿದ್ದೇನೆ ಅಂತ ಹೇಳಿ ಅವ್ರಿಗೆ."

"ಒಂದು ನಿಮಿಷ ಸುಮ್ಮನಿರು ಮಾರಾಯ್ತಿ" ಎಂದರು ಗುರುದತ್ತರು. "ಇಷ್ಟು ವರ್ಷದಲ್ಲಿ ಅವನಿಗೆ ಅಂತ ಯಾರೂ ಎದ್ದು ನಿಂತದ್ದಿಲ್ಲ."

ಕೆಳಗೆ ಅನಿಕೇತ ಎಲ್ಲರಿಗಿಂತ ಹೆಚ್ಚು ತಲೆ ತಗ್ಗಿಸಿ ನಿಂತಿದ್ದ. ಸೌದಾಮಿನಿ ಗಂಡನ ಮುಖ ನೋಡಿದರು, ಸೆರಗು ಸರಿಮಾಡಿಕೊಂಡು ತಾವೂ ಎದ್ದು ನಿಂತರು.